ಬೇಸ್‌ಬಾಲ್ ಲಯಮೀಮಾಂಸೆ

ಪೂರ್ವಪಕ್ಷ

ಆಕ್ಷೇಪ ಎತ್ತುವವನೊಬ್ಬ ಇಲ್ಲದೆ ಯಾವ ಶಾಸ್ತ್ರವೂ ಮುಂದೆ ಹೋಗುವುದಿಲ್ಲ. ಬೇಸ್‌ಬಾಲಿನ ವಿಷಯದಲ್ಲಿ ಅಂಥವನನ್ನು ಹುಡುಕುವ ಕಷ್ಟವೂ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಒರಾಕಲ್ ಪಾರ್ಕಿನಲ್ಲಿ, ಕಂಪನಿ ಕೊಡಿಸಿದ ಟಿಕೆಟ್ಟಿನ ಮೇಲೆ, ಕೊಲ್ಲಿಯ ಗಾಳಿಗೆ ಜಾಕೆಟ್ಟಿನ ಜಿಪ್ಪನ್ನು ಕತ್ತಿನವರೆಗೂ ಎಳೆದುಕೊಂಡು, ಬೆಳ್ಳುಳ್ಳಿ ಸವರಿದ ಫ್ರೈಸ್ ಮೆಲ್ಲುತ್ತ ಕೂತ ಯಾವ ಕನ್ನಡಿಗನನ್ನಾದರೂ ಕೇಳಿ. ಅವನ ವಾದ ಇಷ್ಟೇ: "ಏನೂ ನಡೀತಾನೇ ಇಲ್ಲವಲ್ಲ ಮಾರಾಯ. ಇವನು ಬಾಲ್ ಯಾವಾಗ ಹಾಕ್ತಾನೆ?"

ಇದರಲ್ಲಿ ಮೊದಲ ಮಾತು ತಪ್ಪು. ಎರಡನೆಯದರಲ್ಲಿ ಇಡೀ ಶಾಸ್ತ್ರ ಅಡಗಿದೆ. ಎಷ್ಟು ಜೋರಾಗಿ ಹಾಕ್ತಾನೆ ಎಂದು ಕೇಳದೆ ಯಾವಾಗ ಹಾಕ್ತಾನೆ ಎಂದು ಕೇಳಿದನಲ್ಲ, ಅಷ್ಟರಮಟ್ಟಿಗೆ ಪೂರ್ವಪಕ್ಷಿ ತನಗೇ ಗೊತ್ತಿಲ್ಲದೆ ನಮ್ಮ ಪಕ್ಷಕ್ಕೆ ಬಂದಾಯಿತು. ಏಕೆಂದರೆ ನಮ್ಮ ಸಿದ್ಧಾಂತ ಹೀಗಿದೆ: ಈ ಆಟದಲ್ಲಿ ವೇಗ ಬೇರೆ, ಲಯ ಬೇರೆ. ವೇಗವನ್ನು ಅನುಭವಿಸುವವನು ಬ್ಯಾಟರ್, ಲಯವನ್ನು ಅನುಭವಿಸುವವನು ಪ್ರೇಕ್ಷಕ. ಮೊದಲನೆಯದು ಏರಿದಂತೆಲ್ಲ ಎರಡನೆಯದು ಜಗ್ಗುತ್ತದೆ.

ಪರಿಭಾಷೆಯನ್ನು ಒಂದೇ ಉಸಿರಿನಲ್ಲಿ ಮುಗಿಸಿಬಿಡುತ್ತೇನೆ. ಎಸೆಯುವವನು ಪಿಚರ್, ಅವನು ನಿಲ್ಲುವುದು ಒಂದು ದಿಬ್ಬದ ಮೇಲೆ. ಮೂರು ಸ್ಟ್ರೈಕಾದರೆ ಬ್ಯಾಟರ್ ಔಟ್, ನಾಲ್ಕು ಬಾಲಾದರೆ ಪುಕ್ಕಟೆಯಾಗಿ ಮೊದಲ ಬೇಸಿಗೆ ನಡಿಗೆ. ತಂಡಕ್ಕೆ ಒಂಬತ್ತು ಇನಿಂಗ್ಸ್, ಇನಿಂಗ್ಸಿಗೆ ಮೂರು ಔಟ್. ಉಳಿದದ್ದು ಕೂತವರಿಗೆ ತಾನಾಗಿ ತಿಳಿಯುತ್ತದೆ, ತಿಳಿಯದಿದ್ದರೆ ಪಕ್ಕದ ಸೀಟಿನ ಅಜ್ಜ ಕೇಳದೆಯೇ ಹೇಳಿಕೊಡುತ್ತಾನೆ.

ಕಾಲಪ್ರಕರಣ

ಫುಟ್‌ಬಾಲಿಗೆ 90 ನಿಮಿಷ, ಏಕದಿನ ಕ್ರಿಕೆಟ್ಟಿಗೆ 50 ಓವರು. ಬೇಸ್‌ಬಾಲಿಗೆ ಇರುವ ಬೇಲಿ ತಂಡಕ್ಕೆ 27 ಔಟುಗಳದ್ದು ಮಾತ್ರ. ಔಟಾಗದೆ ಆಟ ಮುಗಿಯದು, ಪಿಚರ್ ಎಸೆಯದೆ ಯಾರೂ ಔಟಾಗರು. ಚೆಂಡು ಅವನ ಕೈಯಲ್ಲಿರುವಷ್ಟು ಹೊತ್ತು ಆ ಮೈದಾನದಲ್ಲಿ ಸೂರ್ಯಚಂದ್ರರಿಗೂ ಕೆಲಸವಿಲ್ಲ.

ಈ ಕಾಲ ಮೂರು ಬಗೆ: ಹಾರುಗಾಲ, ತಡೆಗಾಲ, ಮಾರುಗಾಲ. ಚೆಂಡು ಪಿಚರನ ಬೆರಳು ಬಿಟ್ಟು ಹೋಮ್ ಪ್ಲೇಟ್ ಮುಟ್ಟುವವರೆಗಿನದು ಹಾರುಗಾಲ. ಒಂದು ಎಸೆತಕ್ಕೂ ಮುಂದಿನದಕ್ಕೂ ನಡುವಿನದು ತಡೆಗಾಲ. ತಂಡಗಳು ಜಾಗ ಬದಲಿಸುವಾಗ, ಹೊಸ ಪಿಚರ್ ಬರುವಾಗ, ಟೀವಿಯಲ್ಲಿ ಟ್ರಕ್ಕು, ಬಿಯರು, ವಿಮಾಪಾಲಿಸಿಗಳು ಮಾರಾಟವಾಗುವ ಹೊತ್ತು ಮಾರುಗಾಲ. ಈ ಮೂರನೆಯದಕ್ಕೆ ಶಾಸ್ತ್ರದಲ್ಲಿ ಸ್ಥಾನವಿಲ್ಲ, ಆದಾಯದಲ್ಲಿದೆ.

ಹಾರುಗಾಲದ ಲೆಕ್ಕ ನೋಡಿ. ದಿಬ್ಬಕ್ಕೂ ಪ್ಲೇಟಿಗೂ 60 ಅಡಿ 6 ಅಂಗುಲ. 1893ರಿಂದ ಇದು ಕದಲಿಲ್ಲ. ಪಿಚರ್ ಮುಂದಕ್ಕೆ ಹೆಜ್ಜೆ ಚಾಚಿ ಎಸೆಯುವುದರಿಂದ ಚೆಂಡು ನಿಜವಾಗಿ ಹಾರುವುದು ಸುಮಾರು 55 ಅಡಿ. ಗಂಟೆಗೆ 95 ಮೈಲಿ, ಎಂದರೆ 153 ಕಿಲೋಮೀಟರ್ ವೇಗದ ಎಸೆತಕ್ಕೆ ಇಷ್ಟು ದಾರಿ ಸಾಗಲು ಸೆಕೆಂಡಿನ ಹತ್ತರಲ್ಲಿ ನಾಲ್ಕು ಪಾಲು ಸಾಕು. ಎರಡೂ ತಂಡ ಸೇರಿ ಒಂದು ಪಂದ್ಯದಲ್ಲಿ ಮುನ್ನೂರರ ಆಸುಪಾಸು ಎಸೆತಗಳು. ಗುಣಿಸಿದರೆ 120 ಸೆಕೆಂಡ್. ಮೂರು ಗಂಟೆ ಕೂತು ಬಂದವನು ಚೆಂಡು ಪಿಚರನಿಂದ ಬ್ಯಾಟರಿಗೆ ಹಾರುವುದನ್ನು ನೋಡಿದ್ದು ಒಟ್ಟು ಎರಡೇ ನಿಮಿಷ! ಹೊಡೆತ, ಓಟ, ಕ್ಯಾಚು ಎಲ್ಲ ಸೇರಿಸಿಕೊಂಡರೂ ಲೆಕ್ಕ ಹೆಚ್ಚು ಬೆಳೆಯುವುದಿಲ್ಲ. 2013ರಲ್ಲಿ ಅಮೆರಿಕದ ಪತ್ರಿಕೆಯೊಂದು ಗಡಿಯಾರ ಹಿಡಿದು ಕೂತು, ಒಂದು ಪಂದ್ಯದಲ್ಲಿ ಆಟವೆನ್ನಬಹುದಾದದ್ದು ಸುಮಾರು 18 ನಿಮಿಷ ಎಂದು ತೀರ್ಪಿತ್ತಿತು.

ಪೂರ್ವಪಕ್ಷಿ ಇಲ್ಲಿ ತೊಡೆ ತಟ್ಟುತ್ತಾನೆ. ತಟ್ಟಲಿ. ಆಲಾಪನೆಯಲ್ಲಿ ಸಾಹಿತ್ಯವಿಲ್ಲವೆಂದು ಎದ್ದು ಹೋಗುವವರನ್ನೂ ನಾವು ಕಂಡಿದ್ದೇವೆ. ತಡೆಗಾಲದಲ್ಲಿ ನಡೆಯುವುದು ಕಣ್ಣಿಗೆ ಕಡಿಮೆ, ತಲೆಗೆ ಹೆಚ್ಚು. ಕ್ಯಾಚರ್ ತೊಡೆಸಂದಿಯಲ್ಲಿ ಬೆರಳಿನ ಸನ್ನೆ ಮಾಡುತ್ತಾನೆ (ಈಚೆಗೆ ಮಣಿಕಟ್ಟಿನ ಗುಂಡಿ ಒತ್ತುತ್ತಾನೆ), ಪಿಚರ್ ತಲೆಯಲ್ಲಾಡಿಸುತ್ತಾನೆ, ಎರಡನೇ ಬೇಸಿನವನು ಒಂದು ಹೆಜ್ಜೆ ಎಡಕ್ಕೆ ಸರಿಯುತ್ತಾನೆ, ಬ್ಯಾಟರ್ ಮಣ್ಣು ಕೆದರುತ್ತಾನೆ. ಎರಡು ಸ್ಟ್ರೈಕ್, ಒಂದು ಬಾಲ್. ಮುಂದಿನದು ಜೋರೋ, ನಿಧಾನವೋ? ಹಾರುಗಾಲದಲ್ಲಿ ಉತ್ತರವಿರುತ್ತದೆ. ಪ್ರಶ್ನೆ ಇರುವುದು ತಡೆಗಾಲದಲ್ಲಿ. ಟಿಕೆಟ್ಟಿನ ದುಡ್ಡು ಪ್ರಶ್ನೆಗೆ.

ಎಸೆತಪ್ರಕರಣ

ಕೈಪಿಡಿಗಳು ಎಸೆತಗಳನ್ನು ಬೆರಳಿನ ಹಿಡಿತದಿಂದ ವಿಂಗಡಿಸುತ್ತವೆ: ಫಾಸ್ಟ್‌ಬಾಲ್, ಸಿಂಕರ್, ಕಟರ್, ಕರ್ವ್, ಸ್ಲೈಡರ್, ಚೇಂಜಪ್, ಸ್ಪ್ಲಿಟರ್. 2023ರಲ್ಲಿ ಅಮೆರಿಕದ ದೊಡ್ಡ ಲೀಗಿನ ಲೆಕ್ಕಯಂತ್ರ ಸ್ವೀಪರ್ ಎಂಬ ಕೂಸಿಗೂ ಬೇರೆ ತೊಟ್ಟಿಲು ಕಟ್ಟಿತು. ಈ ವಿಂಗಡಣೆಗೆ ಅವ್ಯಾಪ್ತಿ, ಅತಿವ್ಯಾಪ್ತಿ ಎರಡೂ ದೋಷಗಳು ಹತ್ತಿವೆ. ಒಬ್ಬನ ಸ್ಲೈಡರ್ ಇನ್ನೊಬ್ಬನ ಕಟರಿನಂತೆ ಓಡುತ್ತದೆ. ಮೂರನೆಯವನ ಕರ್ವನ್ನು ಕರ್ವೆಂದು ಕರೆಯುವವನು ಅವನೊಬ್ಬನೇ.

ಎಸೆತವನ್ನು ಬ್ಯಾಟರಿನ ಕಾಲಜ್ಞಾನದಿಂದಲೇ ವಿಂಗಡಿಸಬೇಕು. ಬ್ಯಾಟಿಂಗ್ ಎಂದರೆ ಕಾಲ ಹಿಡಿಯುವುದು, ಪಿಚಿಂಗ್ ಎಂದರೆ ಆ ಕಾಲ ತಪ್ಪಿಸುವುದು ಎಂಬ ಅರ್ಥದ ಮಾತು ಎಡಗೈ ಪಿಚರ್ ವಾರನ್ ಸ್ಪಾನ್ ಹೆಸರಿನಲ್ಲಿ ಪ್ರಚಲಿತವಾಗಿದೆ. ನಮ್ಮ ತಾಳಶಾಸ್ತ್ರದವರಿಗೆ ಇದು ಹೊಸತಲ್ಲ. ಹಾಡು ತಾಳದೊಂದಿಗೇ ಎತ್ತಿಕೊಂಡರೆ ಸಮಗ್ರಹ, ತಾಳಕ್ಕೆ ಮೊದಲೇ ಎತ್ತಿಕೊಂಡರೆ ಅತೀತ, ತಾಳ ಬಿದ್ದ ಮೇಲೆ ಎತ್ತಿಕೊಂಡರೆ ಅನಾಗತ. ಬ್ಯಾಟು ಚೆಂಡಿಗೆ ಸಮದಲ್ಲಿ ಕೂಡಿದರೆ ಹೋಮ್ ರನ್. ಆದ್ದರಿಂದ ಎಸೆತಗಳಲ್ಲಿ ಮೂಲಜಾತಿ ಎರಡೇ: ಬ್ಯಾಟರನ್ನು ಅನಾಗತನನ್ನಾಗಿಸುವವು, ಅತೀತನನ್ನಾಗಿಸುವವು.

ಮೊದಲನೆಯದಕ್ಕೆ ಬರಿಯ ವೇಗ ಸಾಕು. 2010ರ ಸೆಪ್ಟೆಂಬರಿನಲ್ಲಿ ಅರೋಲ್ಡಿಸ್ ಚಾಪ್ಮನ್ ಎಸೆದ ಒಂದು ಚೆಂಡು ಗಂಟೆಗೆ 105.8 ಮೈಲಿ ಮುಟ್ಟಿತು, ಎಂದರೆ 170 ಕಿಲೋಮೀಟರ್. ಅದರ ಬಗ್ಗೆ ವ್ಯಾಖ್ಯಾನಕ್ಕೆ ಹೆಚ್ಚೇನೂ ಇಲ್ಲ, ನೋಡಲೂ ಹೆಚ್ಚೇನೂ ಇಲ್ಲ. ಕ್ಯಾಚರಿನ ಗ್ಲೌಸಿನ ಸದ್ದು ಕೇಳಿದ ಮೇಲೆ ಎಸೆದನೆಂದು ಗೊತ್ತಾಗುತ್ತದೆ.

ಎರಡನೆಯ ಜಾತಿಯೇ ಸ್ವಾರಸ್ಯ. ಚೇಂಜಪ್ ಎಸೆಯುವವನ ಕೈ ಹತ್ತಿರದಿಂದ ನೋಡಿ. ಚೆಂಡು ಬೆರಳತುದಿಯಲ್ಲಿಲ್ಲ, ಅಂಗೈಯೊಳಕ್ಕೆ ಹುದುಗಿದೆ. ಹೆಬ್ಬೆರಳು, ತೋರುಬೆರಳು ಒಂದು ಬದಿಯಲ್ಲಿ ಉಂಗುರದಂತೆ ಕೂಡಿವೆ, ಬಿಗಿತವೆಲ್ಲ ಉಳಿದ ಮೂರು ಬೆರಳಿಗೆ. ತೋಳು ಬೀಸುವುದು ಮಾತ್ರ ಫಾಸ್ಟ್‌ಬಾಲಿನ ರಭಸದಲ್ಲೇ. ಅಲ್ಲಿ ಕೂದಲೆಳೆ ಸಡಿಲವಾದರೂ ಗುಟ್ಟು ರಟ್ಟು. ಚೆಂಡು ಹೊರಟಾಗ 95ರ ಬದಲು 85. ಬ್ಯಾಟರಿನ ಮುಂಗಾಲು ಆಗಲೇ ನೆಲಕ್ಕೂರಿದೆ, ಸೊಂಟ ತಿರುಗಿದೆ, ಬ್ಯಾಟು ಪ್ಲೇಟಿನ ಮೇಲೆ ಹಾದುಹೋಗುತ್ತಿದೆ, ಚೆಂಡು ಇನ್ನೂ ಐದಾರು ಅಡಿ ದೂರದಲ್ಲಿದೆ. ಕೆಲವರು ಹೊಡೆದ ರಭಸಕ್ಕೆ ಒಂದು ಮೊಣಕಾಲೂರಿ ಕೂತೇಬಿಡುತ್ತಾರೆ. ಸೆಕೆಂಡಿನ ಇಪ್ಪತ್ತನೇ ಒಂದು ಪಾಲಿಗಿಂತ ಕಡಿಮೆ ವ್ಯತ್ಯಾಸಕ್ಕೆ ಇಷ್ಟೆಲ್ಲ ಅವಮಾನ.

ಅತೀತಕಾರಿಗಳಲ್ಲಿ ಪರಮಾವಧಿ ಈಫಸ್ ಎಂಬುದು. ಪಿಟ್ಸ್‌ಬರ್ಗಿನ ರಿಪ್ ಸೂಯೆಲ್ ಇದನ್ನು ಮನೆಯ ಸೂರಿಗಿಂತ ಎತ್ತರಕ್ಕೆ ತೂರಿ ಬಿಡುತ್ತಿದ್ದ. ಅದು ಆಕಾಶ ನೋಡಿಕೊಂಡು, ಯೋಚಿಸಿಕೊಂಡು ಕೆಳಗಿಳಿಯುತ್ತಿತ್ತು. 1946ರ ಆಲ್ ಸ್ಟಾರ್ ಪಂದ್ಯದಲ್ಲಿ ಟೆಡ್ ವಿಲಿಯಮ್ಸ್ ಕಾದು, ಮುನ್ನುಗ್ಗಿ, ಅದನ್ನು ಬೇಲಿಯಾಚೆ ಅಟ್ಟಿದ.

ಇವೆರಡಕ್ಕೂ ಸೇರದ ಒಂದಿದೆ, ನಕಲ್‌ಬಾಲ್. ಅದು ತಿರುಗುವುದೇ ಇಲ್ಲವೆನ್ನುವಷ್ಟು ಕಡಿಮೆ ತಿರುಗುತ್ತ, ಗಾಳಿ ಹೇಳಿದಂತೆ ಅತ್ತಿತ್ತ ವಾಲುತ್ತ ಬರುತ್ತದೆ. ಎಲ್ಲಿ ಬೀಳುತ್ತದೆಂದು ಬ್ಯಾಟರಿಗೆ ತಿಳಿಯದು, ಕ್ಯಾಚರಿಗೆ ತಿಳಿಯದು, ಎಸೆದವನಿಗೂ ತಿಳಿಯದು. ವೇದಾಂತಿಗಳು ಇಂಥದ್ದನ್ನು ಅನಿರ್ವಚನೀಯ ಎಂದು ಕರೆದು ಕೈತೊಳೆದುಕೊಳ್ಳುತ್ತಾರೆ. ಫಿಲ್ ನೀಕ್ರೋ ಇದೊಂದನ್ನೇ ನಂಬಿ 318 ಪಂದ್ಯ ಗೆದ್ದ. 1967ರಲ್ಲಿ ಅವನ ಚೆಂಡು ಹಿಡಿಯುವ ಕರ್ಮ ಬಾಬ್ ಯೂಕರನದಾಯಿತು. ನಕಲ್‌ಬಾಲ್ ಹಿಡಿಯುವ ಉತ್ತಮ ವಿಧಾನ ಯಾವುದೆಂದರೆ, ಅದು ಉರುಳುವುದು ನಿಂತ ಮೇಲೆ ಹೋಗಿ ಎತ್ತಿಕೊಳ್ಳುವುದು ಎಂದು ಆಮೇಲೆ ಹೇಳಿಕೊಂಡು ತಿರುಗಿದ.

ಪುರುಷಪ್ರಕರಣ

ಇನ್ನು ಎಸೆಯುವವನ ವಿಚಾರ. ದ್ರುತ, ವಿಲಂಬಿತ, ವಿಷಮ ಎಂದು ಪಿಚರರು ಮೂವರು.

ದ್ರುತನ ಲಕ್ಷಣ: ಕ್ಯಾಚರ್ ವಾಪಸು ಎಸೆದ ಚೆಂಡು ಕೈಸೇರಿದೊಡನೆ ಮುಂದಿನ ಎಸೆತಕ್ಕೆ ಸಿದ್ಧನಾಗಿರುತ್ತಾನೆ. ಸೇಂಟ್ ಲೂಯಿಸಿನ ಬಾಬ್ ಗಿಬ್ಸನ್ ಹಾಗಿದ್ದ. ಸಲಹೆ ಕೊಡಲು ಕ್ಯಾಚರ್ ದಿಬ್ಬಕ್ಕೆ ಬಂದರೆ ಗದರಿಸಿ ಅಟ್ಟುತ್ತಿದ್ದ. ಚಿಕಾಗೊ ವೈಟ್ ಸಾಕ್ಸಿನ ಮಾರ್ಕ್ ಬರ್ಲಿ ಈ ಪಂಥದ ಕೊನೆಯ ಮಹಾಪುರುಷ. ಅವನ ಫಾಸ್ಟ್‌ಬಾಲ್ ಬಹಳಷ್ಟು ಸಲ 90 ಮೈಲಿ ಮುಟ್ಟುತ್ತಿರಲಿಲ್ಲ. 2005ರ ಏಪ್ರಿಲ್ 16ರಂದು ಅವನು ಸಿಯಾಟಲ್ ತಂಡಕ್ಕೆ ಎಸೆದ ಪಂದ್ಯ 1 ಗಂಟೆ 39 ನಿಮಿಷಕ್ಕೆ ಮುಗಿಯಿತು. ಸಿಯಾಟಲ್‌ಗೆ ಸಿಕ್ಕಿದ್ದು ಮೂರು ಹಿಟ್, ಮೂರೂ ಇಚಿರೊನವು. ಚಿಕಾಗೊದ ಎರಡು ರನ್ನು ಎರಡು ಹೋಮ್ ರನ್ನಿನಿಂದ, ಎರಡೂ ಪಾಲ್ ಕೊನೆರ್ಕೊನವು. ಆಟವೆಲ್ಲ ಮೂರು ಜನರೊಳಗೇ ಮುಗಿದಂತೆ. ಇಂಥವನ ಬೆನ್ನ ಹಿಂದೆ ನಿಂತ ಫೀಲ್ಡರು ತೂಕಡಿಸುವುದಿಲ್ಲ, ನೋಡಲು ಬಂದವನು ಹಾಟ್‌ಡಾಗ್ ತರಲು ಎದ್ದರೆ ಒಂದು ಇನಿಂಗ್ಸ್ ಕಳೆದುಕೊಳ್ಳುತ್ತಾನೆ.

ವಿಲಂಬಿತನು ಚೆಂಡು ತಿಕ್ಕುತ್ತಾನೆ, ಟೋಪಿ ಸರಿಮಾಡಿಕೊಳ್ಳುತ್ತಾನೆ, ದಿಬ್ಬದಿಂದ ಇಳಿಯುತ್ತಾನೆ, ಮತ್ತೆ ಹತ್ತುತ್ತಾನೆ. ಲಾಸ್ ಏಂಜಲೀಸಿನ ಪೆಡ್ರೊ ಬಾಯೆಜ್ ಇದಕ್ಕೇ ಹೆಸರಾದವನು. ಆದರೆ ಪಾಪವೆಲ್ಲ ಪಿಚರನದಲ್ಲ. 1970ರ ದಶಕದ ಮೈಕ್ ಹಾರ್ಗ್ರೋವ್ ಎಂಬ ಬ್ಯಾಟರ್ ಪ್ರತಿ ಎಸೆತಕ್ಕೂ ಆಚೆ ಬಂದು ಗ್ಲೌಸು, ಹೆಬ್ಬೆರಳು, ಷರಟು, ಪ್ಯಾಂಟು, ಟೋಪಿಗಳಿಗೆ ಕ್ರಮವಾಗಿ ಅಂಗನ್ಯಾಸ ಮಾಡಿಯೇ ಒಳಗೆ ಕಾಲಿಡುತ್ತಿದ್ದ. ಮಳೆ ಬಂದು ಆಟ ನಿಲ್ಲುವುದಕ್ಕೂ ಇವನು ಬ್ಯಾಟು ಹಿಡಿಯುವುದಕ್ಕೂ ವ್ಯತ್ಯಾಸವಿಲ್ಲವೆಂದು ಜನ ಅವನಿಗೆ ಮನುಷ್ಯರೂಪದ ಮಳೆ ವಿರಾಮ ಎಂದೇ ಅಡ್ಡಹೆಸರಿಟ್ಟರು. ಇಬ್ಬರು ವಿಲಂಬಿತರು ಎದುರುಬದುರಾದರೆ ಏನಾಗಬಹುದೆಂದು ನೋಡಬೇಕಾದವರಿಗೆ 2006ರ ಆಗಸ್ಟ್ 18ರ ಯಾಂಕೀಸ್ ಮತ್ತು ರೆಡ್ ಸಾಕ್ಸ್ ಪಂದ್ಯವಿದೆ: ಒಂಬತ್ತೇ ಇನಿಂಗ್ಸ್, 4 ಗಂಟೆ 45 ನಿಮಿಷ. ಅದು ಆ ದಿನದ ಎರಡನೆಯ ಪಂದ್ಯ ಬೇರೆ.

ನನ್ನ ಮಟ್ಟಿಗೆ ಶ್ರೇಷ್ಠನು ವಿಷಮ. ಅವನು ಲಯವನ್ನು ಹಿಡಿಯುವುದೂ ಇಲ್ಲ, ಬಿಡುವುದೂ ಇಲ್ಲ, ಅದರೊಂದಿಗೆ ಆಡುತ್ತಾನೆ. ಬಣ್ಣಭೇದದಿಂದಾಗಿ ಆಯುಷ್ಯದ ಒಳ್ಳೆಯ ವರ್ಷಗಳನ್ನೆಲ್ಲ ನೀಗ್ರೊ ಲೀಗುಗಳಲ್ಲಿ ಕಳೆದ ಸ್ಯಾಚೆಲ್ ಪೇಜ್ 1948ರಲ್ಲಿ, 42ರ ಪ್ರಾಯದಲ್ಲಿ, ಕ್ಲೀವ್‌ಲ್ಯಾಂಡ್ ತಂಡದ ಮೂಲಕ ದೊಡ್ಡ ಲೀಗಿಗೆ ಕಾಲಿಟ್ಟ. ಅವನ ಬತ್ತಳಿಕೆಯಲ್ಲಿ ತಡವರಿಕೆಯ ಎಸೆತ ಎಂಬುದೊಂದಿತ್ತು. ಮುಂಗಾಲು ಊರುತ್ತಾನೆ, ತೋಳು ನಡುದಾರಿಯಲ್ಲಿ ನಿಂತುಬಿಡುತ್ತದೆ. ಬ್ಯಾಟರ್ ಬೀಸಿ ಮುಗಿಸಿದ ಮೇಲೆ ಚೆಂಡು ಹೊರಡುತ್ತದೆ. ಅಮೆರಿಕನ್ ಲೀಗಿನ ಅಧ್ಯಕ್ಷರು ಅದನ್ನು ನಿಷೇಧಿಸಿದರು. ಮೌನವೊಂದನ್ನು ನಿಯಮಬಾಹಿರವೆಂದು ಸಾರಿದ ಕ್ರೀಡಾಡಳಿತ ಬೇರೆ ಎಲ್ಲಾದರೂ ಇದ್ದರೆ ತಿಳಿದವರು ತಿಳಿಸಬೇಕು. ಈ ಕಾಲದಲ್ಲಿ ಜಾನಿ ಕ್ವೇಟೊ ಆ ಪರಂಪರೆಯನ್ನು ಹಿಡಿದ. ಒಂದು ಎಸೆತಕ್ಕೆ ಬ್ಯಾಟರಿಗೆ ಬೆನ್ನು ತಿರುಗಿಸಿ ನಿಲ್ಲುತ್ತಾನೆ, ಇನ್ನೊಂದಕ್ಕೆ ಎತ್ತಿದ ಕಾಲಿನಲ್ಲೇ ಭುಜ ಕುಣಿಸುತ್ತಾನೆ, ಮೂರನೆಯದನ್ನು ಕಣ್ಣು ಮಿಟುಕಿಸುವುದರೊಳಗೆ ಎಸೆದಾಗಿರುತ್ತದೆ. 2015ರ ವರ್ಲ್ಡ್ ಸೀರೀಸಿನ ಎರಡನೇ ಪಂದ್ಯದಲ್ಲಿ ನ್ಯೂಯಾರ್ಕ್ ಮೆಟ್ಸಿಗೆ ಅವನು ಒಂಬತ್ತು ಇನಿಂಗ್ಸೂ ತಾನೇ ಎಸೆದು ಬಿಟ್ಟುಕೊಟ್ಟದ್ದು ಎರಡೇ ಹಿಟ್.

ವಿಲೋಮಪ್ರಕರಣ

ವೇಗ ಏರಿದರೆ ಲಯ ಜಗ್ಗುತ್ತದೆಂದೆವು. ಹೇಗೆ? ಮೈಯ ಬಲವನ್ನೆಲ್ಲ ಒಂದು ಚೆಂಡಿಗೆ ಸುರಿದವನು ಮುಂದಿನದಕ್ಕೆ ಮೊದಲು ಉಸಿರು ತೆಗೆದುಕೊಳ್ಳಬೇಕು. ಹಾಗೆ ಒಂಬತ್ತು ಇನಿಂಗ್ಸ್ ಎಸೆಯಲಾಗದು. ಆರರ ಹೊತ್ತಿಗೆ ಅವನು ಹೋಗಿ ಇನ್ನೊಬ್ಬ, ಏಳಕ್ಕೆ ಮತ್ತೊಬ್ಬ, ಪ್ರತಿಯೊಬ್ಬನಿಗೂ ಒಂದೊಂದು ಮಾರುಗಾಲ. ಗಿಬ್ಸನ್ 1968ರಲ್ಲಿ 34 ಪಂದ್ಯ ಆರಂಭಿಸಿ 28ನ್ನು ತಾನೇ ಮುಗಿಸಿದ. ಆ ವರ್ಷ ಪಿಚರರ ಹಾವಳಿ ಎಷ್ಟಾಯಿತೆಂದರೆ ಮರುವರ್ಷ ದಿಬ್ಬವನ್ನೇ 15 ಅಂಗುಲದಿಂದ 10ಕ್ಕೆ ತಗ್ಗಿಸಿದರು. 2023ರಲ್ಲಿ 30 ತಂಡಗಳ ಪಿಚರರೆಲ್ಲ ಸೇರಿ ಪೂರ್ತಿ ಎಸೆದ ಪಂದ್ಯಗಳು 40 ಮುಟ್ಟಲಿಲ್ಲ. ವೇಗ ಹೆಚ್ಚಿದ್ದರಿಂದ ಹೊಡೆತಗಳು ತಪ್ಪಿದವು. 2018ರಲ್ಲಿ ಇತಿಹಾಸದಲ್ಲೇ ಮೊದಲ ಸಲ ಹಿಟ್ಟುಗಳಿಗಿಂತ ಸ್ಟ್ರೈಕೌಟುಗಳು ಹೆಚ್ಚಾದವು. ಸ್ಟ್ರೈಕೌಟಿಗೆ ಕನಿಷ್ಠ ಮೂರು ಎಸೆತ ಬೇಕು, ನೆಲಕ್ಕೆ ತಟ್ಟಿ ಔಟಾಗಲು ಒಂದೇ ಸಾಕು. ಹೀಗೆ ಎಸೆತ ಹೆಚ್ಚಿ, ತಡೆಗಾಲ ಹೆಚ್ಚಿ, 2021ರಲ್ಲಿ ಒಂಬತ್ತು ಇನಿಂಗ್ಸಿನ ಸರಾಸರಿ ಪಂದ್ಯ 3 ಗಂಟೆ 10 ನಿಮಿಷಕ್ಕೆ ಬಂದು ಕೂತಿತು. ಹಿಂದೆ 1919ರಲ್ಲಿ, ಸೀಸನ್ನಿನ ಕೊನೆಯ ದಿನ, ನ್ಯೂಯಾರ್ಕ್ ಜಯಂಟ್ಸ್ ಮತ್ತು ಫಿಲಡೆಲ್ಫಿಯ ತಂಡಗಳು 51 ನಿಮಿಷಕ್ಕೆ ಒಂದು ಪಂದ್ಯ ಮುಗಿಸಿದ್ದವು.

ವೇಗವಿದ್ದರೆ ಸಾಕೆಂಬ ಮೋಹ ಭಾರತಕ್ಕೂ ಬಂದಿತ್ತೆಂಬುದನ್ನು ಇಲ್ಲಿ ನೆನೆಯಬೇಕು. 2008ರಲ್ಲಿ ಬರಿಯ ತೋಳಿನ ಬಲ ಹುಡುಕುವ ಸ್ಪರ್ಧೆಯೊಂದು ನಮ್ಮ ದೇಶದಲ್ಲಿ ನಡೆದು, ಉತ್ತರ ಪ್ರದೇಶದ ಇಬ್ಬರು ಜಾವೆಲಿನ್ ಪಟುಗಳು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್, ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಕರಾರಿಗೆ ಸಹಿ ಹಾಕಿದರು. ದೊಡ್ಡ ಲೀಗಿನವರೆಗೆ ಇಬ್ಬರಿಗೂ ಹೋಗಲಾಗಲಿಲ್ಲ. ರಿಂಕು ಕೊನೆಗೆ ಕುಸ್ತಿಯ ಟೀವಿ ಕಾರ್ಯಕ್ರಮ ಸೇರಿದ.

ಯತಿಪ್ರಕರಣ

ಲಯದ ಹರಿವಿನ ಆಕಾರಕ್ಕೆ ಯತಿ ಎಂದು ಹೆಸರು. ಪಂದ್ಯಗಳನ್ನು ರನ್ನಿನಿಂದ ನೆನಪಿಡುವುದು ಸಾಮಾನ್ಯರ ಕ್ರಮ, ಯತಿಯಿಂದ ನೆನಪಿಡುವುದು ಶಾಸ್ತ್ರಜ್ಞರ ಕ್ರಮ. ಆದಿಯಿಂದ ಅಂತ್ಯದವರೆಗೆ ಒಂದೇ ಅಳತೆಯಾದರೆ ಸಮಯತಿ. 1963ರ ಜುಲೈ 2ರಂದು ಕ್ಯಾಂಡಲ್‌ಸ್ಟಿಕ್ ಪಾರ್ಕಿನಲ್ಲಿ 42 ವರ್ಷದ ಸ್ಪಾನ್, 25 ವರ್ಷದ ಹುವಾನ್ ಮಾರಿಚಾಲ್ ಇಬ್ಬರೂ ದಿಬ್ಬ ಬಿಟ್ಟಿಳಿಯದೆ ಹದಿನಾರನೇ ಇನಿಂಗ್ಸಿನವರೆಗೆ ಎಸೆದರು; ವಿಲ್ಲಿ ಮೇಸ್ ಹೊಡೆದ ಹೋಮ್ ರನ್ನಿಗೆ 1–0 ಎಂದು ಮುಗಿಯಿತು. ಸಮಯತಿಗೆ ಇದಕ್ಕಿಂತ ಉದಾಹರಣೆ ಬೇಡ.

ಮೊದಲ ಇನಿಂಗ್ಸಿನಲ್ಲಿ ಕೈಹದ ಸಿಗದೆ ನಡಿಗೆಯ ಮೇಲೆ ನಡಿಗೆ ಕೊಟ್ಟು, ಆಮೇಲೆ ಪಿಚರ್ ಪಳಗಿ ಆಟ ಸಪುರವಾಗುತ್ತ ಹೋದರೆ ಗೋಪುಚ್ಛ. ನಡುವೆ ಉಬ್ಬಿದರೆ ಮೃದಂಗ, ನಡುವೆ ಸಪುರವಾದರೆ ಡಮರು. ಈ ಶತಮಾನದ ರೋಗ ಮಾತ್ರ ಸ್ರೋತೋವಹ: ಹೊಳೆಯಂತೆ ಹುಟ್ಟುವಾಗ ಕಿರಿದು, ಹರಿದಂತೆ ಹಿರಿದು. ಮೊದಲ ಐದು ಇನಿಂಗ್ಸ್ ಸರಸರ ಸಾಗಿ, ಬದಲಿ ಪಿಚರರು ಕಾಯುವ ಬುಲ್‌ಪೆನ್ನಿನ ಬಾಗಿಲು ತೆರೆದ ಮೇಲೆ ಎಂಟನೆಯದೊಂದೇ ಮುಕ್ಕಾಲು ಗಂಟೆ ನುಂಗುತ್ತದೆ. ಆಟ ರೋಚಕವಾಗಬೇಕಾದ ಘಳಿಗೆಯಲ್ಲೇ ಜನ ಕಾರಿನ ಕೀಲಿ ಹುಡುಕುತ್ತಾರೆ.

ದಂಡಪ್ರಕರಣ

ಈ ರೋಗಕ್ಕೆ 2023ರಲ್ಲಿ ಗಡಿಯಾರದ ಚಿಕಿತ್ಸೆಯಾಯಿತು. ಬೇಸುಗಳು ಖಾಲಿಯಿದ್ದರೆ 15 ಸೆಕೆಂಡ್, ಓಟಗಾರನಿದ್ದರೆ 20 (ಮರುವರ್ಷ 18). ಅಷ್ಟರೊಳಗೆ ಪಿಚರ್ ಎಸೆತ ಆರಂಭಿಸದಿದ್ದರೆ ಒಂದು ಬಾಲ್ ದಂಡ. ಎಂಟು ಸೆಕೆಂಡ್ ಉಳಿದಿರುವಾಗ ಬ್ಯಾಟರ್ ಸಿದ್ಧನಾಗಿರದಿದ್ದರೆ ಒಂದು ಸ್ಟ್ರೈಕ್ ದಂಡ. 12 ಸೆಕೆಂಡಿನಲ್ಲಿ ಎಸೆಯಬೇಕೆಂಬ ಸಾಲು ನಿಯಮಪುಸ್ತಕದಲ್ಲಿ ಮೊದಲೂ ಇತ್ತು. ಅಂಪೈರುಗಳು ಅದನ್ನು ಸುಭಾಷಿತದಂತೆ ಓದಿಕೊಂಡಿದ್ದರು. ಈಗ ಗೋಡೆಯ ಮೇಲೆ ಅಂಕಿ ಹೊತ್ತಿ ಇಳಿಯತೊಡಗಿದ್ದರಿಂದ ಸುಭಾಷಿತ ಶಾಸನವಾಯಿತು. ಎಸೆತಕ್ಕೆ ಆರು ಸೆಕೆಂಡ್ ಉಳಿದರೆ 300 ಎಸೆತಕ್ಕೆ ಅರ್ಧ ಗಂಟೆ. ನಿಜಕ್ಕೂ ಸರಾಸರಿ ಪಂದ್ಯ ಒಂದೇ ವರ್ಷದಲ್ಲಿ 3 ಗಂಟೆ 4 ನಿಮಿಷದಿಂದ 2 ಗಂಟೆ 40ಕ್ಕೆ ಇಳಿಯಿತು. ಏಳನೇ ಇನಿಂಗ್ಸಿಗೆ ಬಿಯರ್ ಮಾರಾಟ ನಿಲ್ಲಿಸುತ್ತಿದ್ದ ಮಿಲ್ವಾಕಿ ಮೊದಲಾದ ಕಡೆ ಅದನ್ನು ಎಂಟಕ್ಕೆ ಮುಂದೂಡಿದರು. ಮಾರುಗಾಲದ ಮಹಿಮೆ.

ಶಾಸನ ಜಾರಿಗೆ ಬಂದ ಮೊದಲ ದಿನಗಳಲ್ಲೇ, ಫೆಬ್ರವರಿ 25ರಂದು, ಫ್ಲಾರಿಡಾದ ಒಂದು ತಾಲೀಮು ಪಂದ್ಯ. ಅಟ್ಲಾಂಟ, ಬಾಸ್ಟನ್ ತಲಾ 6. ಒಂಬತ್ತನೇ ಇನಿಂಗ್ಸ್, ಎರಡು ಔಟ್, ಮೂರೂ ಬೇಸು ಭರ್ತಿ, ಮೂರು ಬಾಲ್, ಎರಡು ಸ್ಟ್ರೈಕ್. ಬ್ಯಾಟರ್ ಕಾಲ್ ಕಾನ್ಲಿ, ಅಂಪೈರ್ ಕೈಯೆತ್ತಿದ್ದು ಕಂಡು, ತಪ್ಪು ಪಿಚರನದೇ ಎಂದುಕೊಂಡು ಗೆದ್ದ ಹರ್ಷದಲ್ಲಿ ಮೊದಲ ಬೇಸಿನತ್ತ ಹೆಜ್ಜೆ ಹಾಕಿದ. ಅಂಪೈರ್ ತೋರಿಸಿದ್ದು ಅವನನ್ನೇ, ಮಣಿಕಟ್ಟು ತಟ್ಟಿ. ಮೂರನೇ ಸ್ಟ್ರೈಕ್, ಪಂದ್ಯ ಸಮ. ಚೆಂಡು ಪಿಚರನ ಕೈಯಲ್ಲೇ ಉಳಿದಿತ್ತು.

ಗಡಿಯಾರವನ್ನು ನಾನು ವಿರೋಧಿಸುವುದಿಲ್ಲ. ಬಾಯೆಜನ ತಡೆಗಾಲದಲ್ಲಿ ಪ್ರಶ್ನೆ ಇರಲಿಲ್ಲ, ಟೋಪಿ ಇತ್ತು. ಆದರೂ ಒಂದು ಆಕ್ಷೇಪ ದಾಖಲಾಗಲಿ: ಎರಡನೇ ಇನಿಂಗ್ಸಿನ ಖಾಲಿ ಬೇಸಿಗೂ ಒಂಬತ್ತನೆಯದರ ತುಂಬಿದ ಬೇಸಿಗೂ ಹೆಚ್ಚುಕಡಿಮೆ ಒಂದೇ ಅಳತೆಗೋಲು ಎಂಬುದು ಲಯಜ್ಞಾನವಲ್ಲ, ಮೆಟ್ರೊನೋಮು. ಇನ್ನು ವೇಗವನ್ನು ಗಡಿಯಾರ ಮುಟ್ಟಲೇ ಇಲ್ಲ. ತೋಳುಗಳು ಮುರಿಯುತ್ತಿರುವುದಕ್ಕೆ ಗಡಿಯಾರ ಕಾರಣವೆಂದು ಆಟಗಾರರ ಸಂಘ 2024ರಲ್ಲಿ ದೂರಿತು. ಅದೇ ವರ್ಷದ ಕೊನೆಗೆ ಲೀಗು ಹೊರತಂದ ವರದಿ ವೇಗದ ಬೆನ್ನು ಹತ್ತಿದ್ದೇ ಕಾರಣವೆಂದಿತು. ಉಸಿರು ತೆಗೆದುಕೊಳ್ಳುವ ಹೊತ್ತು ಕಿತ್ತುಕೊಂಡು, ಉಸಿರು ಕಟ್ಟುವ ವೇಗ ಉಳಿಸಿಕೊಂಡರೆ ಎರಡು ವಾದವೂ ಅರ್ಧರ್ಧ ನಿಜವಿರಬಹುದು.

ಲುಪ್ತಜಾತಿ

ಯಾವ ಯತಿಗೂ ಸಲ್ಲದ ಒಂದು ಪಂದ್ಯ ಉಳಿದಿದೆ. 1981ರ ಏಪ್ರಿಲ್ 18ರ ರಾತ್ರಿ ರೋಡ್ ಐಲ್ಯಾಂಡಿನ ಪಾಟಕೆಟ್‌ನಲ್ಲಿ ಕಿರಿಯ ಲೀಗಿನ ಪಾಟಕೆಟ್ ಮತ್ತು ರಾಚೆಸ್ಟರ್ ತಂಡಗಳು ಆಡಲು ನಿಂತವು. ಇಷ್ಟು ಹೊತ್ತಿಗೆ ನಿಲ್ಲಿಸಬೇಕೆಂಬ ನಿಯಮ ಅಂಪೈರರ ಪ್ರತಿಯಲ್ಲಿ ಇರಲಿಲ್ಲ. ಚಳಿ ತಡೆಯದೆ ಆಟಗಾರರು ಮುರಿದ ಬ್ಯಾಟುಗಳನ್ನು ಪೀಪಾಯಿಯಲ್ಲಿ ಸುಟ್ಟು ಕೈ ಕಾಯಿಸಿಕೊಂಡರು. ಇಪ್ಪತ್ತೊಂದನೇ ಇನಿಂಗ್ಸಿನಲ್ಲಿ ವೇಡ್ ಬಾಗ್ಸ್ ಅಂಕ ಸಮ ಮಾಡಿ ಎಲ್ಲರ ನಿದ್ದೆ ಕೆಡಿಸಿದ. ಲೀಗಿನ ಅಧ್ಯಕ್ಷರು ಫೋನಿಗೆ ಸಿಕ್ಕಿ ನಿಲ್ಲಿಸಿ ಎಂದಾಗ ಈಸ್ಟರ್ ಬೆಳಗಿನ ಜಾವ 4 ಗಂಟೆ 7 ನಿಮಿಷ. 32 ಇನಿಂಗ್ಸ್ ಮುಗಿದು 2–2, ಉಳಿದ ಪ್ರೇಕ್ಷಕರು 19. ಜೂನ್ 23ರಂದು ಮುಂದುವರಿಸಿದರು.

ಗೋಪುಚ್ಛವೆನ್ನೋಣವೆಂದರೆ 32 ಇನಿಂಗ್ಸ್ ಹಸು, ಒಂದು ಇನಿಂಗ್ಸ್ ಬಾಲ, ಪ್ರಮಾಣ ಕೂಡುವುದಿಲ್ಲ. ಹೊಸ ಜಾತಿ ಮಾಡೋಣವೆಂದರೆ ಅದಕ್ಕೆ ಸಂತತಿಯಿಲ್ಲ: ಈಗ ಹತ್ತನೇ ಇನಿಂಗ್ಸಿನಿಂದ ಎರಡನೇ ಬೇಸಿನಲ್ಲಿ ಒಬ್ಬ ಓಟಗಾರನನ್ನು ಪುಕ್ಕಟೆ ನಿಲ್ಲಿಸಿಯೇ ಆಟ ಶುರುಮಾಡುವುದರಿಂದ ಅಂಥ ರಾತ್ರಿ ಮತ್ತೆ ಹುಟ್ಟುವಂತಿಲ್ಲ. ಜೂನಿನ ಆ ದಿನ ಮೂವತ್ತಮೂರನೇ ಇನಿಂಗ್ಸ್ ನೋಡಲು ಮೈದಾನಕ್ಕೆ ಸಾವಿರಾರು ಜನ ಬಂದು ಕೂತರು. ಆಟ 18 ನಿಮಿಷಕ್ಕೆ ಮುಗಿಯಿತು.